ಬಿಸಿಯಾದಾಗ ಮೂರನೆಯ ಗೇರಿಗೆ ಜಾರುವ ಹಳೆಯ ಆಟೊಮ್ಯಾಟಿಕ್: ಗೇರ್‌ಬಾಕ್ಸ್ ಬದಲಿಸಲೇಬೇಕೇ?

ನಿಮ್ಮ ಪ್ರಶ್ನೆಯ ಸಾರ ಇಷ್ಟು: 2009ರ ಪೆಟ್ರೋಲ್ ಸೆಡಾನ್, ನಾಲ್ಕು ಗೇರಿನ ಆಟೊಮ್ಯಾಟಿಕ್, 1.9 ಲಕ್ಷ ಕಿಲೋಮೀಟರ್ ಓಡಿದೆ. ಬೆಳಗ್ಗೆ ಹಾಸನ ಬಿಡುವಾಗ ಯಾವ ತಕರಾರೂ ಇಲ್ಲ. ಮಂಗಳೂರಿನಿಂದ ಮರಳುವಾಗ ಶಿರಾಡಿ ಘಾಟಿಯಲ್ಲಿ ಎರಡರಿಂದ ಮೂರಕ್ಕೆ ಹೋಗುವಾಗ ಎಂಜಿನ್ ಸುಮ್ಮನೆ ಕಿರುಚಿಕೊಂಡು, ಆಮೇಲೆ ಧಡಕ್ಕನೆ ಗೇರ್ ಹಿಡಿಯುತ್ತದೆ. ಗ್ಯಾರೇಜಿನವರು ಒಂದು ಸುತ್ತು ಓಡಿಸಿ, ‘ಗೇರ್‌ಬಾಕ್ಸ್ ಹೋಗಿದೆ, ಬದಲಿಸಿ’ ಎಂದಿದ್ದಾರೆ.

ಈಗಲೇ ಒಪ್ಪಬೇಡಿ. ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಬಿಚ್ಚಿ ಕಟ್ಟುವುದೇ ನನ್ನ ಕಸುಬು. ಆಯಿಲ್ ಕೂಡ ನೋಡದೆ ತೀರ್ಪು ಕೊಡುವವರನ್ನು ಕಂಡರೆ ನನಗಾಗದು.

ಎಲ್ಲ ಗೇರುಗಳಲ್ಲೂ ಜಾರುತ್ತಿದ್ದರೆ ಆಯಿಲ್ ಮಟ್ಟ, ಫಿಲ್ಟರ್, ಪಂಪ್ ಇವುಗಳ ಮೇಲೆ ಅನುಮಾನ ಪಡುತ್ತಿದ್ದೆ. ನಿಮ್ಮದು ಬಿಸಿಯಾದಾಗ ಮಾತ್ರ, ಅದೂ ಮೂರನೆಯ ಗೇರಿಗೆ ಮಾತ್ರ. ಬಿಸಿಗೆ ಆಯಿಲ್ ತೆಳುವಾಗುತ್ತದೆ, ಸವೆದ ಸೀಲುಗಳ ಅಂಚಿನಲ್ಲಿ ಸೋರಿಹೋಗುತ್ತದೆ, ಮೂರನೆಯ ಗೇರಿನ ಕ್ಲಚ್ ಪ್ಲೇಟುಗಳನ್ನು ಬಿಗಿಯಾಗಿ ಒತ್ತಲು ಬೇಕಾದ ಒತ್ತಡ ಸಿಗುವುದಿಲ್ಲ. ಎರಡನೆಯ ಗೇರ್ ಬಿಟ್ಟಾಗಿದೆ, ಮೂರನೆಯದು ಇನ್ನೂ ಹಿಡಿದಿಲ್ಲ. ಆ ಸಂದಿನಲ್ಲೇ ಆರ್‌ಪಿಎಂ ಮುಳ್ಳು ಮೇಲೇರುತ್ತದೆ, ಸ್ಪೀಡ್ ಮಾತ್ರ ಏರುವುದಿಲ್ಲ. ಸೋರಿಕೆ ಕ್ಲಚ್ಚಿನಲ್ಲಿದೆಯೋ ಅದಕ್ಕೆ ಆಯಿಲ್ ಕಳಿಸುವ ವಾಲ್ವ್ ಬಾಡಿಯಲ್ಲಿದೆಯೋ ಎಂಬುದು ಮುಂದಿನ ಪ್ರಶ್ನೆ. ಖರ್ಚಿನ ವ್ಯತ್ಯಾಸ ಇರುವುದೂ ಅಲ್ಲೇ: ವಾಲ್ವ್ ಬಾಡಿ ಕೆಲಸಕ್ಕೆ ಹೆಚ್ಚಿನ ಗಾಡಿಗಳಲ್ಲಿ ಗೇರ್‌ಬಾಕ್ಸ್ ಇಳಿಸಬೇಕಾಗಿಲ್ಲ.

ಮೊದಲು ಡಿಪ್‌ಸ್ಟಿಕ್, ಅಂದರೆ ಗೇರ್‌ಬಾಕ್ಸಿನ ಆಯಿಲ್ ಮಟ್ಟ ನೋಡುವ ಕಡ್ಡಿ. ಗಾಡಿಯನ್ನು ಅರ್ಧ ಗಂಟೆ ಓಡಿಸಿ, ಸಮತಟ್ಟಾದ ಕಡೆ ನಿಲ್ಲಿಸಿ, ಬ್ರೇಕ್ ಒತ್ತಿಕೊಂಡು ಎಲ್ಲ ಗೇರುಗಳಿಗೂ ಒಮ್ಮೆ ಹಾಕಿ ಪಾರ್ಕ್‌ಗೆ ತನ್ನಿ. ಬಹುತೇಕ ಗಾಡಿಗಳಲ್ಲಿ ಎಂಜಿನ್ ಚಾಲೂ ಇರುವಾಗಲೇ ಮಟ್ಟ ನೋಡಬೇಕು. ಹೋಂಡಾದಲ್ಲಿ ಮಾತ್ರ ಎಂಜಿನ್ ನಿಲ್ಲಿಸಿ, ಒಂದೂವರೆ ನಿಮಿಷದೊಳಗೆ. ನಿಮ್ಮ ಮ್ಯಾನ್ಯುಯಲ್ ಏನು ಹೇಳುತ್ತದೆಯೋ ಹಾಗೆ ಮಾಡಿ. ಒಂದು ಹನಿಯನ್ನು ಬಿಳಿ ಕಾಗದದ ಮೇಲೆ ಬಿಡಿ. ಕೆಂಪು ಅಥವಾ ತಿಳಿಗಂದು ಇದ್ದರೆ ನೆಮ್ಮದಿ. ಹನಿ ಹರಡಿದ ಮೇಲೆ ನಡುವೆ ಕಪ್ಪು ಚುಕ್ಕೆ ಉಳಿದು, ಮೂಗಿಗೆ ಸುಟ್ಟ ಘಾಟು ಬಡಿದರೆ ಕ್ಲಚ್ ಪ್ಲೇಟು ಉರಿದಿದೆ. ಹಾಲು ಬೆರೆಸಿದಂತೆ ಗುಲಾಬಿಯಾಗಿದ್ದರೆ ರೇಡಿಯೇಟರ್ ಒಳಗೆ ಗೇರ್‌ಬಾಕ್ಸ್ ಆಯಿಲನ್ನು ತಣಿಸುವ ಕೂಲರ್ ತೂತಾಗಿ ನೀರು ಸೇರಿದೆ. ಆಗ ಒಂದು ಕಿಲೋಮೀಟರೂ ಓಡಿಸಬೇಡಿ. ಮಟ್ಟ ಕಡಿಮೆ ಇದ್ದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ, ಏಕೆಂದರೆ ಗೇರ್‌ಬಾಕ್ಸ್ ಎಂಜಿನ್ನಿನ ಹಾಗೆ ಆಯಿಲ್ ಸುಡುವುದಿಲ್ಲ.

ಎರಡನೆಯದು ರಿವರ್ಸ್ ಪರೀಕ್ಷೆ. ಅನೇಕ ಹಳೆಯ ನಾಲ್ಕು ಗೇರಿನ ಪೆಟ್ಟಿಗೆಗಳಲ್ಲಿ ಮೂರನೆಯ ಗೇರಿಗೂ ರಿವರ್ಸಿಗೂ ಒಂದೇ ಕ್ಲಚ್. ಗಾಡಿ ಚೆನ್ನಾಗಿ ಬಿಸಿಯಾದ ಮೇಲೆ ಸಣ್ಣ ಏರಿನಲ್ಲಿ ರಿವರ್ಸ್ ಹತ್ತಿಸಿ. ಅಲ್ಲೂ ಜಾರಿದರೆ ಆ ಕ್ಲಚ್ಚೇ ದಣಿದಿದೆ. ಜಾರದಿದ್ದರೆ ವಾಲ್ವ್ ಬಾಡಿ, ಸೊಲೆನಾಯ್ಡ್ (ವಿದ್ಯುತ್ತಿನಿಂದ ಆಯಿಲ್ ದಾರಿ ತೆರೆದು ಮುಚ್ಚುವ ಭಾಗ) ಕಡೆಗೆ ತಿರುಗಬಹುದು. ಆದರೂ ಕ್ಲಚ್ಚಿಗೆ ಪೂರ್ತಿ ಮಾಫಿ ಇಲ್ಲ. ರಿವರ್ಸಿನಲ್ಲಿ ಆಯಿಲ್ ಒತ್ತಡ ಹೆಚ್ಚಿರುವುದರಿಂದ ಸಣ್ಣ ಸೋರಿಕೆ ಮುಚ್ಚಿಹೋಗುತ್ತದೆ.

ಆಮೇಲೆ ಸ್ಕ್ಯಾನರ್. ಆನ್‌ಲೈನಿನಲ್ಲಿ ಸಿಗುವ ಅಗ್ಗದವು ಎಂಜಿನ್ ಕಂಪ್ಯೂಟರನ್ನಷ್ಟೇ ಓದಿ ‘ಪಿ0700’ ತೋರಿಸುತ್ತವೆ. ಗೇರ್‌ಬಾಕ್ಸಿನಲ್ಲಿ ಏನೋ ಇದೆ ಎಂದಷ್ಟೇ ಅದರ ಮಾತು. ಟ್ರಾನ್ಸ್‌ಮಿಷನ್ ಕಂಪ್ಯೂಟರ್ ಓದುವ ಸ್ಕ್ಯಾನರ್ ಇರುವಲ್ಲಿಗೆ ಹೋಗಿ. ‘ಪಿ0733’ ಬಂದರೆ ಮೂರನೆಯ ಗೇರ್ ನಿಜಕ್ಕೂ ಜಾರುತ್ತಿದೆ. ‘ಪಿ0753’, ‘ಪಿ0758’ ಬಂದರೆ ಸೊಲೆನಾಯ್ಡಿನ ವಿದ್ಯುತ್ ದೋಷ. ಅದು ವೈರಿನದ್ದೂ ಇರಬಹುದು.

ಇಷ್ಟಾದ ಮೇಲೂ ಅನುಮಾನ ಉಳಿದರೆ ಗೇಜ್ ಹಾಕಿ ಆಯಿಲ್ ಒತ್ತಡ ಅಳೆಯಿಸಿ, ತಳದ ತಟ್ಟೆ ಬಿಚ್ಚಿಸಿ. ತಟ್ಟೆ ಇಳಿಸುವಾಗ ನೀವೇ ಎದುರಿಗಿರಿ. ಒಳಗಿನ ಆಯಸ್ಕಾಂತದ ಮೇಲೆ ಬೂದು ಬಣ್ಣದ ನುಣ್ಣನೆಯ ಕೆಸರು ಕೂತಿರುವುದು ಈ ವಯಸ್ಸಿಗೆ ಸಹಜ. ಬೆರಳಿಗೆ ಚುಚ್ಚುವ ಲೋಹದ ಚಕ್ಕೆಗಳಿದ್ದರೆ, ಅಥವಾ ತಟ್ಟೆಯಲ್ಲಿ ಕಪ್ಪು ಪುಡಿ ರಾಶಿ ಬಿದ್ದಿದ್ದರೆ ಗ್ಯಾರೇಜಿನವರ ಮಾತೇ ನಿಜ, ಗೇರ್‌ಬಾಕ್ಸ್ ಇಳಿಸಲೇಬೇಕು.

‘ಹಳೆಯ ಗಾಡಿಗೆ ಹೊಸ ಆಯಿಲ್ ಹಾಕಿದರೆ ಗೇರ್‌ಬಾಕ್ಸ್ ಸಾಯುತ್ತದೆ’ ಎಂದು ಯಾರಾದರೂ ಹೆದರಿಸಬಹುದು. ಹಾಗೆ ಸತ್ತವುಗಳಲ್ಲಿ ಹೆಚ್ಚಿನವು ಅದಾಗಲೇ ಜಾರುತ್ತಿದ್ದುದಕ್ಕೇ ಆಯಿಲ್ ಬದಲಿಸಲು ಬಂದಿದ್ದವು. ಆಯಿಲ್ ಸುಟ್ಟಿಲ್ಲದಿದ್ದರೆ ಕಂಪನಿ ಹೇಳಿದ ದರ್ಜೆಯದ್ದನ್ನೇ ಹಾಕಿ, ಫಿಲ್ಟರ್ ಬದಲಿಸಿ. ಯಂತ್ರ ಜೋಡಿಸಿ ಹಳೆಯ ಆಯಿಲನ್ನೆಲ್ಲ ತಳ್ಳಿ ತೆಗೆಯುವ ಮೆಷಿನ್ ಫ್ಲಶ್ ಮಾತ್ರ ಬೇಡ. ಕೆಳಗಿನಿಂದ ಬಸಿದರೆ ಅರ್ಧಕ್ಕಿಂತ ಕಡಿಮೆಯೇ ಹೊರಬರುತ್ತದೆ, ಉಳಿದದ್ದು ಹೆಚ್ಚಾಗಿ ಟಾರ್ಕ್ ಕನ್ವರ್ಟರಿನಲ್ಲಿ, ಅಂದರೆ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಆಯಿಲ್ ತುಂಬಿಕೊಂಡು ತಿರುಗುವ ಭಾಗದಲ್ಲಿ, ಇರುತ್ತದೆ. ಹಾಗಾಗಿ ಸ್ವಲ್ಪ ಓಡಿಸಿ ಇನ್ನೊಮ್ಮೆ ಬದಲಿಸಬೇಕಾಗುತ್ತದೆ.

ಬದಲಿಸಲೇಬೇಕಾಗಿ ಬಂದು ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಗೇರ್‌ಬಾಕ್ಸ್ ಹುಡುಕುವುದಾದರೆ ಮಾಡೆಲ್ ಹೆಸರು ನೆಚ್ಚಬೇಡಿ. ಪೆಟ್ಟಿಗೆಯ ಮೇಲಿನ ಕೋಡ್ ತಾಳೆಯಾಗಬೇಕು, ತಟ್ಟೆ ಬಿಚ್ಚಿ ನೋಡಲು ಒಪ್ಪದವನ ಬಳಿ ಕೊಳ್ಳಬಾರದು.

ಅಲ್ಲಿಯವರೆಗೆ ಘಾಟಿ ಹತ್ತಿಸಬೇಡಿ. ಪ್ರತಿ ಜಾರಿಕೆಯೂ ಉಳಿದಿರುವ ಪ್ಲೇಟನ್ನು ಸುಡುತ್ತದೆ. ಗಾಡಿ ದಾರಿಯಲ್ಲಿ ನಿಂತೇಬಿಟ್ಟರೆ ಮುಂದಿನ ಚಕ್ರಗಳನ್ನು ಮೇಲೆತ್ತಿಸಿಯೇ ಎಳೆಸಿ. ಎಂಜಿನ್ ನಿಂತಿದ್ದರೆ ಒಳಗಿನ ಪಂಪೂ ನಿಂತಿರುತ್ತದೆ, ಚಕ್ರ ತಿರುಗಿದಷ್ಟೂ ಗೇರುಗಳು ಆಯಿಲ್ ಇಲ್ಲದೆ ಉಜ್ಜಿಕೊಳ್ಳುತ್ತವೆ.