ಎರೆ ನೆಲ, ಇಪ್ಪತ್ತು–ಮೂವತ್ತರ ನಿವೇಶನ: ಎಷ್ಟು ಕಟ್ಟಬೇಕು?

ಪ್ರಶ್ನೆ: ಹುಬ್ಬಳ್ಳಿಯ ಗದಗ ರಸ್ತೆಯ ಕಡೆ ನಮ್ಮದೊಂದು 20×30 ಅಡಿಯ ನಿವೇಶನವಿದೆ. ನೆಲ ಎರೆ. ಮನೆಯಲ್ಲಿ ನಾನು, ಹೆಂಡತಿ, ಇಬ್ಬರು ಮಕ್ಕಳು ಮತ್ತು ಮಂಡಿನೋವಿನ ನಮ್ಮವ್ವ ಇದ್ದೇವೆ. ಕೈಯಲ್ಲಿ 9 ಲಕ್ಷ ರೂಪಾಯಿ ಇದೆ. ನಿವೇಶನದ ತುಂಬ ಎರಡು ಅಂತಸ್ತು ಕಟ್ಟಿ ಕೆಳಗಿನದನ್ನು ಬಾಡಿಗೆಗೆ ಕೊಡಿ, 20 ಲಕ್ಷ ಬೀಳುತ್ತದೆ, ಉಳಿದದ್ದಕ್ಕೆ ಸಾಲ ಮಾಡಿ ಎನ್ನುತ್ತಾರೆ ಗುತ್ತಿಗೆದಾರರು. ಕಡಿಮೆ ಸಾಲದಲ್ಲಿ, ಬೇಸಿಗೆಗೂ ತಂಪಾಗಿರುವ ಮನೆ ಸಾಧ್ಯವೇ?
– ಹೊಲಿಗೆ ಅಂಗಡಿಯ ಮಾಲೀಕರು, ಹುಬ್ಬಳ್ಳಿ

ಉತ್ತರ: ಅವ್ವನ ಮಂಡಿನೋವನ್ನು ಮರೆಯದೆ ಬರೆದಿದ್ದೀರಿ, ಒಳ್ಳೆಯದಾಯಿತು. ಅರ್ಧ ತೀರ್ಮಾನ ಅಲ್ಲಿಯೇ ಆಗಿಹೋಗುತ್ತದೆ. ಕೆಳಗಿನ ಮನೆಯನ್ನು ಬಾಡಿಗೆಗೆ ಕೊಟ್ಟರೆ ಅವರು ದಿನವೂ ಹದಿನೇಳು ಮೆಟ್ಟಿಲು ಹತ್ತಬೇಕು. ಬೇಡ. ಈಗ ಕೆಳಗೆ ಒಂದೇ ಅಂತಸ್ತು, ಸುಮಾರು 400 ಚದರ ಅಡಿ ಕಟ್ಟಿ. ತಳಪಾಯ ಮಾತ್ರ ಮುಂದೊಂದು ದಿನ ಮೇಲಂತಸ್ತನ್ನು ಹೊರುವಂತಿರಲಿ.

ತಳಪಾಯದ ಮಾತನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ನಮ್ಮ ಕಡೆ ಮನೆ ಹಾಳಾಗುವುದು ಹೆಚ್ಚಾಗಿ ನೆಲದಿಂದ. ಎರೆ ಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ತೂರುವಷ್ಟು ಬಾಯಿ ಬಿಡುತ್ತದೆ. ಅದರ ಮೇಲೆ ಮೂರು ಅಡಿ ಅಗೆದು ಕಲ್ಲು ಕೂರಿಸಿದರೆ ಗೋಡೆಯೂ ಪ್ರತಿ ವರ್ಷ ಎದ್ದು ಇಳಿಯುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಡುವ ಬಿರುಕುಗಳನ್ನು ನಿಮ್ಮ ಓಣಿಯಲ್ಲಿಯೇ ನೋಡಿರಬಹುದು. ಅವುಗಳಿಗೆ ಮೇಲಿನಿಂದ ಸಿಮೆಂಟು ಮೆತ್ತಿದರೆ ಮುಂದಿನ ಬೇಸಿಗೆಗೆ ಮತ್ತೆ ತೆರೆದುಕೊಳ್ಳುತ್ತವೆ.

ಆದ್ದರಿಂದ ನಕ್ಷೆಗೂ ಮೊದಲು ನಿವೇಶನದ ಎರಡು ಮೂಲೆಗಳಲ್ಲಿ ಗುಂಡಿ ತೆಗೆಸಿ. ನಾಲ್ಕೈದು ಅಡಿಯಲ್ಲಿ ಗಟ್ಟಿ ಗರಸು ಸಿಕ್ಕರೆ ನಿಮ್ಮ ಅದೃಷ್ಟ. ತಳಪಾಯವನ್ನು ಅದರ ಮೇಲೆಯೇ ಕೂರಿಸಿ, ಅಗೆದ ಎರೆಯನ್ನು ಮತ್ತೆ ತುಂಬದೆ ಗರಸನ್ನೇ ತುಂಬಿಸಿ ದಮ್ಮಸ್ಸು ಮಾಡಿಸಿ. ಎರೆಯೇ ಆಳಕ್ಕೆ ಹೋದರೆ ಅಂಡರ್‌ರೀಮ್ಡ್ ಪೈಲ್ ಬೇಕು. ರೂರ್ಕಿಯ ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ನೆಲಕ್ಕೆಂದೇ ಬೆಳೆಸಿದ ವಿಧಾನ ಇದು. ಕನಿಷ್ಠ ಮೂರೂವರೆ ಮೀಟರ್ ಆಳದ ಕಾಂಕ್ರೀಟ್ ಕಂಬದ ಬುಡ, ಕಂಬದ ದಪ್ಪದ ಎರಡೂವರೆ ಪಟ್ಟು ಉಬ್ಬಿರುತ್ತದೆ. ಋತುಮಾನದ ಹಸಿ–ಒಣ ಮುಟ್ಟದ ಆಳದಲ್ಲಿ ಆ ಬುಡ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಕಂಬಗಳ ಮೇಲಿನ ಬೀಮಿಗೂ ಕೆಳಗಿನ ಮಣ್ಣಿಗೂ ನಡುವೆ ಮೂರು ಅಂಗುಲದಷ್ಟು ಜಾಗ ಖಾಲಿ ಇರಲೇಬೇಕು, ಇಲ್ಲದಿದ್ದರೆ ಉಬ್ಬಿದ ಮಣ್ಣು ಬೀಮನ್ನೇ ಮೇಲೆತ್ತುತ್ತದೆ. ಗೌಂಡಿಗಳು ಆ ಜಾಗಕ್ಕೆ ಮಣ್ಣು ತುರುಕಿ ಸಪಾಟು ಮಾಡಿಬಿಡುವುದನ್ನು ಕಂಡಿದ್ದೇನೆ. ಆ ದಿನ ಅಂಗಡಿಗೆ ಬೀಗ ಹಾಕಿಯಾದರೂ ನೀವು ಅಲ್ಲಿ ನಿಂತಿರಿ.

ಇದಕ್ಕೆ ದುಡ್ಡು ಎಲ್ಲಿಂದ ಎನ್ನುವಿರಿ. ಕಟ್ಟದೆ ಬಿಟ್ಟ 600 ಚದರ ಅಡಿಯಿಂದ. ಗುತ್ತಿಗೆದಾರರು 20 ಲಕ್ಷ ಹೇಳಿದ್ದು ಸಾವಿರ ಚದರ ಅಡಿಗೆ. ಅವರ ದರದಲ್ಲೇ 400 ಅಡಿಗೆ 8 ಲಕ್ಷ. ತಳಪಾಯಕ್ಕೆ, ನೀರಿನ ತೊಟ್ಟಿಗೆ ಮೇಲಷ್ಟು ಸೇರಿಸಿದರೂ ನಿಮ್ಮ ಸಾಲ ಸಣ್ಣದೇ ಆಗಿರುತ್ತದೆ. ವಾರ್ಷಿಕ ಆದಾಯ 9 ಲಕ್ಷದೊಳಗಿದ್ದು, ಕುಟುಂಬದ ಹೆಸರಿನಲ್ಲಿ ಬೇರೆಲ್ಲೂ ಪಕ್ಕಾ ಮನೆ ಇಲ್ಲದಿದ್ದರೆ ಪ್ರಧಾನಮಂತ್ರಿ ಆವಾಸ್ ಯೋಜನೆ–ನಗರ 2.0ರಲ್ಲಿ ಗೃಹಸಾಲಕ್ಕೆ ಬಡ್ಡಿ ಸಹಾಯಧನವಿದೆ. ಬ್ಯಾಂಕಿಗೆ ಹೋದಾಗ ಕೇಳಿ.

ಇನ್ನು ತಂಪಿನ ಮಾತು. ನಿಮ್ಮ ಊರಿನಲ್ಲಿ ಏಪ್ರಿಲ್ ಕೊನೆಗೆ ಸೂರ್ಯ ನಡುಮಧ್ಯಾಹ್ನ ನೆತ್ತಿಯ ಮೇಲೆಯೇ ಇರುತ್ತಾನೆ. ಕಾಯುವುದು ಮೊದಲು ಚಾವಣಿ, ಆಮೇಲೆ ಪಡುವಣ ಗೋಡೆ. ನಮ್ಮ ಹಿರಿಯರ ಮಾಳಿಗೆ ಮನೆಗಳ ಮೇಲೆ ದಪ್ಪ ಮಣ್ಣಿರುತ್ತಿತ್ತು. ಅದರ ಕೆಳಗೆ ಮೇ ತಿಂಗಳಲ್ಲಿಯೂ ಮಧ್ಯಾಹ್ನದ ನಿದ್ದೆ ಬರುತ್ತಿತ್ತು. ನಾಲ್ಕೂವರೆ ಅಂಗುಲದ ಬರಿಯ ಕಾಂಕ್ರೀಟಿಗೆ ಆ ಗುಣವಿಲ್ಲ. ಸ್ಲ್ಯಾಬಿನ ಕೆಳಭಾಗದಲ್ಲಿ ಕಂಬಿಗಳ ನಡುವೆ ಮಂಗಳೂರು ಹೆಂಚು ಇಟ್ಟು ಕಾಂಕ್ರೀಟ್ ಹಾಕುವ ಫಿಲ್ಲರ್ ಸ್ಲ್ಯಾಬ್ ಮಾಡಿಸಿ. ಕಾಂಕ್ರೀಟೂ ಉಳಿಯುತ್ತದೆ, ಶಾಖವೂ ತಗ್ಗುತ್ತದೆ. ಆದರೆ ಎಂಜಿನಿಯರ್ ಲೆಕ್ಕವಿಲ್ಲದೆ ಬೇಡ. ಮೇಲೆ ಪ್ರತಿ ಯುಗಾದಿಗೆ ಒಮ್ಮೆ ಬಿಳಿ ಸುಣ್ಣ ಹೊಡೆಯಿರಿ. ಬಚ್ಚಲು, ಕಪಾಟು, ಮುಂದೆ ಬರಲಿರುವ ಮೆಟ್ಟಿಲು ಎಲ್ಲವೂ ಪಡುವಣಕ್ಕಿರಲಿ, ಬಿಸಿಲಿನ ಪೆಟ್ಟು ಅವುಗಳಿಗೆ ಬೀಳಲಿ. ಅವ್ವನ ಕೋಣೆ ಮೂಡಣಕ್ಕೆ, ಬಚ್ಚಲಿಗೆ ಹತ್ತಿರ, ನಡುವೆ ಹೊಸ್ತಿಲಿಲ್ಲದೆ.

ಖಾಲಿ ಬಿಟ್ಟ ಜಾಗ ದಂಡವಾಯಿತೆಂದು ನೆಂಟರು ಹೇಳಿಯೇ ಹೇಳುತ್ತಾರೆ. ಎದುರುಬದುರು ಎರಡು ಕಡೆ ಗಾಳಿ ಆಡದ ಮನೆಯಲ್ಲಿ ಹಗಲೂ ದೀಪ, ಇರುಳೆಲ್ಲ ಫ್ಯಾನು. ಪಾಲಿಕೆಯ ನಿಯಮ ಕೇಳುವಷ್ಟು ಜಾಗವನ್ನು ಸುತ್ತ ಬಿಟ್ಟು, ಹಿಂದೆ ಅದಕ್ಕಿಂತ ತುಸು ಹೆಚ್ಚೇ ಬಿಡಿ. ಪಾತ್ರೆ ತೊಳೆಯಲು, ಬಟ್ಟೆ ಒಣಗಿಸಲು, ಒಂದು ಕರಿಬೇವಿನ ಗಿಡಕ್ಕೆ ಅಷ್ಟು ಸಾಕು. ದೊಡ್ಡ ಮರ ಮಾತ್ರ ಗೋಡೆಯ ಹತ್ತಿರ ಬೇಡ; ಎರೆಯಲ್ಲಿ ಅದರ ಬೇರು ನೀರು ಹೀರಿದ ಕಡೆ ನೆಲ ಕುಗ್ಗುತ್ತದೆ.

ಅದೇ ಕಾರಣಕ್ಕೆ ಮಳೆನೀರಿನ ಇಂಗುಗುಂಡಿಯನ್ನೂ ಗೋಡೆಯ ಪಕ್ಕ ತೋಡಬೇಡಿ. ಎರೆಯಲ್ಲಿ ನೀರು ಬೇಗ ಇಂಗದು, ನಿಂತರೆ ತಳಪಾಯಕ್ಕೇ ಅಪಾಯ. ಸೋಸಿ ತೊಟ್ಟಿಗೆ ಬಿಡಿ. ವರ್ಷಕ್ಕೆ 700 ಮಿಲಿಮೀಟರ್ ಮಳೆ ಎಂದು ಹಿಡಿದರೂ 400 ಚದರ ಅಡಿಯ ಚಾವಣಿಯಿಂದ ಸುಮಾರು 20,000 ಲೀಟರ್ ಸಿಗುತ್ತದೆ. ಮಲಪ್ರಭೆಯ ನೀರಿಗೆ ದಿನಗಟ್ಟಲೆ ಕಾದು ಗೊತ್ತಿರುವವರಿಗೆ ಅದರ ಬೆಲೆ ನಾನು ಹೇಳಬೇಕಿಲ್ಲ.

ಪ್ರಶ್ನೆ: ಹಾವೇರಿಯಲ್ಲಿ ಸಣ್ಣ ಮನೆ ಕಟ್ಟಿಸುತ್ತಿದ್ದೇವೆ. ಸುಟ್ಟ ಇಟ್ಟಿಗೆಯ ಬದಲು ಮಣ್ಣಿನ ಬ್ಲಾಕ್ ಬಳಸಿದರೆ ಮಳೆಗೆ ಕರಗುವುದಿಲ್ಲವೇ?
– ಶಿಕ್ಷಕಿ, ಹಾವೇರಿ

ಉತ್ತರ: ಬರಿಯ ಮಣ್ಣಾದರೆ ಕರಗುತ್ತದೆ. ಕೆಂಪು ಮಣ್ಣಿಗೆ ಉಸುಕು ಹಾಗೂ ನೂರಕ್ಕೆ ಆರರಿಂದ ಎಂಟು ಭಾಗ ಸಿಮೆಂಟ್ ಬೆರೆಸಿ, ಯಂತ್ರದಲ್ಲಿ ಒತ್ತಿದ ಬ್ಲಾಕ್ ಕರಗುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರ ಇದರ ಮೇಲೆ ದಶಕಗಳ ಕಾಲ ಕೆಲಸ ಮಾಡಿದೆ. ಗೂಡಿನಲ್ಲಿ ಸುಡುವ ಉರುವಲು ಪೂರ್ತಿ ಉಳಿಯುತ್ತದೆ.

ಎರೆ ಮಣ್ಣು ಇದಕ್ಕೆ ಒಗ್ಗದು. ನಿಮ್ಮ ಮಣ್ಣನ್ನು ಗಾಜಿನ ಬಾಟಲಿಯಲ್ಲಿ ನೀರಿನೊಂದಿಗೆ ಕುಲುಕಿ ಒಂದು ದಿನ ಇಡಿ. ತಳದಲ್ಲಿ ಕೂತ ಉಸುಕು ಅರ್ಧಕ್ಕಿಂತ ಹೆಚ್ಚಿದ್ದರೆ ಮುಂದುವರಿಯಿರಿ. ಒತ್ತಿದ ಬ್ಲಾಕುಗಳನ್ನು ಮೂರು ವಾರ ನೆರಳಿನಲ್ಲಿ ನೀರುಣಿಸಿ, ಆಮೇಲೆ ಒಂದನ್ನು ರಾತ್ರಿಯಿಡೀ ಬಕೆಟ್ಟಿನಲ್ಲಿ ಮುಳುಗಿಸಿಡಿ. ಬೆಳಿಗ್ಗೆ ಅದರ ಅಂಚು ಬೆರಳಿಗೆ ಉದುರಿದರೆ ಆ ಸರಕನ್ನು ಗೋಡೆಗೆ ಬಳಸಬೇಡಿ. ನೆಲದಿಂದ ಒಂದೂವರೆ ಅಡಿ ಕಲ್ಲಿನ ಕಟ್ಟಡ, ಮೇಲೆ ಎರಡು ಅಡಿ ಹೊರಚಾಚಿದ ಸೂರು ಇರಲಿ. ಹೊರಗೆ ಗಿಲಾವು ಬೇಕಾಗುವುದಿಲ್ಲ.