ಎರಡನೆಯ ಬಸಿರಿನಲ್ಲಿ ಮಲೇರಿಯಾದ ಭಯವಿಲ್ಲ ಎನ್ನುತ್ತಾರೆ, ಇದು ನಿಜವೇ?

ಉತ್ತರವು ನಿಮ್ಮ ಪರಿಸ್ಥಿತಿಯನ್ನೇ ಅವಲಂಬಿಸಿರುವುದರಿಂದ ನೀವು ಬರೆದಿರುವುದನ್ನು ಮೊದಲು ಚಿಕ್ಕದಾಗಿ ಹೇಳಿಕೊಳ್ಳುತ್ತೇನೆ. ನೀವು ಉದ್ಯೋಗದ ಮೇಲೆ ಉಗಾಂಡದ ಜಿಂಜಾದಲ್ಲಿದ್ದೀರಿ. ನಿಮ್ಮ ಪತ್ನಿಯ ಮೊದಲ ಹೆರಿಗೆ ತುಮಕೂರಿನ ತವರಿನಲ್ಲಿ ಆಯಿತು, ಆ ಬಳಿಕವೇ ಅವರು ನಿಮ್ಮೊಡನೆ ಅಲ್ಲಿಗೆ ಬಂದರು. ಕಳೆದ ವರ್ಷ ಅವರಿಗೆ ಒಮ್ಮೆ ಮಲೇರಿಯಾ ಬಂದು ವಾಸಿಯಾಗಿದೆ. ಈಗ ಅವರಿಗೆ ನಾಲ್ಕು ತಿಂಗಳು ತುಂಬಿದೆ. ಮಲೇರಿಯಾ ಕಾಡುವುದು ಚೊಚ್ಚಲು ಬಸಿರಿನಲ್ಲಿ ಮಾತ್ರ, ಆಮೇಲೆ ಮೈ ತಾನೇ ತಡೆದುಕೊಳ್ಳುತ್ತದೆ ಎಂದು ನೆರೆಯ ಹೆಂಗಸರು ಧೈರ್ಯ ಹೇಳಿದ್ದಾರೆ. ಇದು ನಿಜವೇ, ರಕ್ತದಲ್ಲಿನ ಪ್ರತಿಕಾಯಗಳನ್ನು ಅಳೆಸಿದರೆ ಖಚಿತವಾಗುತ್ತದೆಯೇ ಎಂದು ಕೇಳಿದ್ದೀರಿ.

ಆ ಹೆಂಗಸರು ಹೇಳಿದ್ದು ಅವರ ಮಟ್ಟಿಗೆ ಬಹುಪಾಲು ನಿಜ, ನಿಮ್ಮ ಪತ್ನಿಯ ಮಟ್ಟಿಗೆ ನಿಜವಲ್ಲ. ದಯವಿಟ್ಟು ಆ ಮಾತನ್ನು ನಂಬಿಕೊಂಡು ಸೊಳ್ಳೆಪರದೆಯನ್ನಾಗಲಿ ತಪಾಸಣೆಯನ್ನಾಗಲಿ ಸಡಿಲಿಸಬೇಡಿ. ನಾನು ವೈದ್ಯಕೀಯ ಕಾಲೇಜಿನಲ್ಲಿ ಸೂಕ್ಷ್ಮಜೀವಿಶಾಸ್ತ್ರ ಕಲಿಸುವವಳು, ರೋಗಿಗಳಿಗೆ ಚಿಕಿತ್ಸೆ ಕೊಡುವವಳಲ್ಲ. ಆದ್ದರಿಂದ ಔಷಧದ ತೀರ್ಮಾನವನ್ನು ನಿಮ್ಮ ವೈದ್ಯರಿಗೇ ಬಿಟ್ಟು, ಈ ವ್ಯತ್ಯಾಸ ಏಕೆ ಎಂಬುದನ್ನು ಮಾತ್ರ ವಿವರವಾಗಿ ಬರೆಯುತ್ತೇನೆ.

ಮಲೇರಿಯಾ ಹೆಚ್ಚಾಗಿರುವ ಊರಿನಲ್ಲಿ ಹುಟ್ಟಿ ಬೆಳೆದ ಹೆಣ್ಣುಮಗಳು ಬಾಲ್ಯದಲ್ಲೇ ಅನೇಕ ಸಲ ಈ ಜ್ವರವನ್ನು ದಾಟಿರುತ್ತಾಳೆ. ಪ್ರಾಯಕ್ಕೆ ಬರುವ ಹೊತ್ತಿಗೆ ಅವಳ ರಕ್ತದಲ್ಲಿ ಮಲೇರಿಯಾ ತರುವ ಫ್ಯಾಲ್ಸಿಪಾರಂ ಪರಾವಲಂಬಿಯ ನಾನಾ ಪ್ರೋಟೀನುಗಳ ವಿರುದ್ಧ ಪ್ರತಿಕಾಯಗಳಿರುತ್ತವೆ, ಸೋಂಕು ತಗಲಿದರೂ ಅವಳು ಹಾಸಿಗೆ ಹಿಡಿಯುವುದು ಅಪರೂಪ. ಅಂಥವಳೇ ಮೊದಲ ಸಲ ಬಸುರಿಯಾದಾಗ ಈ ರಕ್ಷಣೆಯಲ್ಲಿ ದೊಡ್ಡ ಬಿರುಕು ಕಾಣಿಸುತ್ತದೆ. ಬಹಳ ಕಾಲ ಇದನ್ನು ಬಸಿರಿನಲ್ಲಿ ಮೈಯ ರೋಗನಿರೋಧಕ ಶಕ್ತಿಯೇ ಕುಗ್ಗುವುದರ ಫಲವೆಂದು ವಿವರಿಸಲಾಗುತ್ತಿತ್ತು. ಆದರೆ ಕಾರಣ ಅಷ್ಟೇ ಆಗಿದ್ದರೆ ಎರಡನೆಯ, ಮೂರನೆಯ ಬಸಿರಿನಲ್ಲೂ ಅದೇ ತೊಂದರೆ ಮರುಕಳಿಸಬೇಕಿತ್ತಲ್ಲವೇ?

ಇದರ ಬಗೆಹರಿಯುವಿಕೆಯಲ್ಲಿ ನೀವಿರುವ ವಿಕ್ಟೋರಿಯಾ ಸರೋವರದ ಸೀಮೆಗೆ ದೊಡ್ಡ ಪಾತ್ರವಿದೆ. ಪಶ್ಚಿಮ ಕೀನ್ಯಾದಲ್ಲಿ ಹೆರಿಗೆಯಾದ ತಾಯಂದಿರ ಮಾಸನ್ನು (ಪ್ಲಾಸೆಂಟಾ) ಪರೀಕ್ಷಿಸಿದ ಮಿಖಲ್ ಫ್ರೀಡ್ ಮತ್ತು ಪ್ಯಾಟ್ರಿಕ್ ಡಫಿ ಅವರು 1996ರಲ್ಲಿ ಒಂದು ಮುಖ್ಯ ಸಂಗತಿಯನ್ನು ಪ್ರಕಟಿಸಿದರು. ಪರಾವಲಂಬಿ ಹೊಕ್ಕ ಕೆಂಪು ರಕ್ತಕಣಗಳು ರಕ್ತದೊಡನೆ ಹರಿಯುತ್ತಾ ಗುಲ್ಮವನ್ನು ತಲುಪಿದರೆ ಅಲ್ಲಿ ನಾಶವಾಗುತ್ತವೆ. ಅದನ್ನು ತಪ್ಪಿಸಿಕೊಳ್ಳಲು ಪರಾವಲಂಬಿಯು ರಕ್ತಕಣದ ಹೊರಮೈಗೆ ಒಂದು ಪ್ರೋಟೀನನ್ನು ಕಳುಹಿಸಿ, ಅದರ ಬಲದಿಂದ ರಕ್ತನಾಳದ ಒಳಗೋಡೆಗೆ ಅಂಟಿಕೊಳ್ಳುತ್ತದೆ. ಮಾಸಿನಲ್ಲಿ ಕಂಡ ಪರಾವಲಂಬಿಗಳು ಮಾತ್ರ, ಮೈಯ ಬೇರೆ ಕಡೆ ಸಾಮಾನ್ಯವಾಗಿ ಅಂಟುವ ಅಣುಗಳನ್ನು ಬಿಟ್ಟು, ಮಾಸಿನಲ್ಲಿ ಹೇರಳವಾಗಿರುವ ಕಾಂಡ್ರಾಯಿಟಿನ್ ಸಲ್ಫೇಟ್ ಎ ಎಂಬ ಸಕ್ಕರೆಯ ಸರಪಳಿಗೆ ಅಂಟಿಕೊಂಡಿದ್ದವು. ಈ ಅಂಟಿನ ಪ್ರೋಟೀನು ವಾರ್‌2ಸಿಎಸ್‌ಎ ಎಂಬುದು ಕೋಪನ್‌ಹೇಗನ್ನಿನ ಅಲಿ ಸಲಾಂಟಿ ಮತ್ತು ಸಂಗಡಿಗರು 2003 ಮತ್ತು 2004ರಲ್ಲಿ ಪ್ರಕಟಿಸಿದ ಸಂಶೋಧನೆಗಳಿಂದ ಸ್ಪಷ್ಟವಾಯಿತು. ಪರಾವಲಂಬಿಯ ಬಳಿ ಇಂಥ ಅಂಟಿನ ಪ್ರೋಟೀನುಗಳಿಗೆ ಸುಮಾರು 60 ಜೀನುಗಳಿವೆ, ಒಂದು ಹೊತ್ತಿಗೆ ಅದು ಸಾಮಾನ್ಯವಾಗಿ ಒಂದನ್ನೇ ಬಳಸುತ್ತದೆ. ವಾರ್‌2ಸಿಎಸ್‌ಎ ತೊಟ್ಟ ಪರಾವಲಂಬಿಗೆ ನೆಲೆ ಸಿಗುವುದು ಮಾಸು ಇದ್ದಾಗ. ಆದ್ದರಿಂದ ಹತ್ತಾರು ಸಲ ಮಲೇರಿಯಾ ಕಂಡ ಹೆಣ್ಣುಮಗಳಿಗೂ ಚೊಚ್ಚಲು ಬಸಿರಿನಲ್ಲಿ ಇದು ಹೊಸ ಶತ್ರುವೇ ಸರಿ. ಅದರ ವಿರುದ್ಧದ ಪ್ರತಿಕಾಯಗಳು ಆ ಬಸಿರಿನ ಸೋಂಕಿನಲ್ಲಿ ಹುಟ್ಟಿ, ಮುಂದಿನ ಬಸಿರುಗಳಲ್ಲಿ ಬಲಗೊಳ್ಳುತ್ತಾ ಹೋಗುತ್ತವೆ.

ಫ್ರೀಡ್ ಮತ್ತು ಸಂಗಡಿಗರು 1998ರಲ್ಲಿ ಇದನ್ನು ಪ್ರಯೋಗಾಲಯದಲ್ಲೇ ತೋರಿಸಿದರು. ಹಲವು ಬಾರಿ ಹೆತ್ತ ತಾಯಂದಿರ ರಕ್ತದ ಸೀರಂ, ಅಂದರೆ ಪ್ರತಿಕಾಯಗಳಿರುವ ರಕ್ತದ ತಿಳಿಭಾಗ, ಬೆರೆಸಿದಾಗ ಪರಾವಲಂಬಿಯು ಆ ಸಕ್ಕರೆಗೆ ಅಂಟುವುದು ನಿಂತಿತು, ಚೊಚ್ಚಲು ಬಸುರಿಯರ ಸೀರಂಗೆ ಆ ಶಕ್ತಿ ಇರಲಿಲ್ಲ. ಇನ್ನೂ ಸೋಜಿಗವೆಂದರೆ, ಒಂದು ಪ್ರದೇಶದ ತಾಯಂದಿರ ಪ್ರತಿಕಾಯಗಳು ಆಫ್ರಿಕ ಮತ್ತು ಏಷ್ಯಾದ ಬೇರೆ ಪ್ರದೇಶಗಳ ಪರಾವಲಂಬಿಗಳನ್ನೂ ತಡೆದವು. ಈ ಪ್ರತಿಕಾಯಗಳ ಕೆಲಸ ಅಂಟನ್ನು ತಡೆಯುವುದಕ್ಕೇ ಮುಗಿಯುವುದಿಲ್ಲ. ಸೋಂಕಿತ ಕಣಗಳ ಮೇಲೆ ಕೂತು, ಅವನ್ನು ನುಂಗಬಲ್ಲ ಬಿಳಿ ರಕ್ತಕಣಗಳಿಗೆ ಗುರುತು ಮಾಡಿಕೊಡುವುದೂ ಅವುಗಳ ಕೆಲಸವೇ.

ಈಗ ನಿಮ್ಮ ಪತ್ನಿಯ ವಿಷಯಕ್ಕೆ ಬರೋಣ. ಅವರ ಮೊದಲ ಬಸಿರು ಕಳೆದದ್ದು ಫ್ಯಾಲ್ಸಿಪಾರಂ ಕಾಟವಿಲ್ಲದ ಊರಿನಲ್ಲಿ, ಆ ಮಾಸು ಈ ಪರಾವಲಂಬಿಯನ್ನು ಕಾಣಲೇ ಇಲ್ಲ. ಕಳೆದ ವರ್ಷದ ಜ್ವರ ಬಂದಾಗ ಅವರು ಬಸುರಿಯಾಗಿರಲಿಲ್ಲವಾದ್ದರಿಂದ ಅದರಿಂದಲೂ ಈ ಪ್ರತಿಕಾಯಗಳನ್ನು ನಿರೀಕ್ಷಿಸುವಂತಿಲ್ಲ. ಲೆಕ್ಕಕ್ಕೆ ಇದು ಎರಡನೆಯ ಬಸಿರಾದರೂ ಮಲೇರಿಯಾದ ಎದುರು ಚೊಚ್ಚಲು ಬಸಿರೇ. ಅಷ್ಟೇ ಅಲ್ಲ, ಬಾಲ್ಯದಿಂದ ಬಂದ ಸಾಮಾನ್ಯ ರಕ್ಷಣೆಯೂ ಇಲ್ಲದಿರುವುದರಿಂದ ಅವರು ಅಲ್ಲಿನ ಚೊಚ್ಚಲು ಬಸುರಿಯರಿಗಿಂತ ಹೆಚ್ಚು ಅಪಾಯದಲ್ಲಿದ್ದಾರೆ. ಆ ತಾಯಂದಿರಲ್ಲಿ ಸೋಂಕು ಹಲವು ಸಲ ಜ್ವರವೇ ಇಲ್ಲದೆ ಒಳಗೊಳಗೇ ರಕ್ತಹೀನತೆಯನ್ನೂ ಕಡಿಮೆ ತೂಕದ ಮಗುವನ್ನೂ ತರುತ್ತದೆ. ಯಾವ ರಕ್ಷಣೆಯೂ ಇಲ್ಲದವರಲ್ಲಿ ಅದು ತೀವ್ರ ಮಲೇರಿಯಾಕ್ಕೆ ತಿರುಗಿ ತಾಯಿಯ ಜೀವಕ್ಕೇ ಎರವಾಗಬಹುದು, ಗರ್ಭಪಾತವೂ ಆಗಬಹುದು.

ಈ ರಕ್ಷಣೆಯು ಊರಿನ ಮಲೇರಿಯಾದೊಡನೆ ಏರಿಳಿಯುತ್ತದೆ ಎಂಬುದಕ್ಕೆ ಮೊಜಾಂಬಿಕ್‌ನ ಮನ್ಯೀಸಾ ಸೀಮೆಯ ಅಧ್ಯಯನ ಒಳ್ಳೆಯ ಸಾಕ್ಷಿ. ಅಲ್ಲಿ ಹೆರಿಗೆಗೆ ಬಂದ ತಾಯಂದಿರಲ್ಲಿ ಫ್ಯಾಲ್ಸಿಪಾರಂ ಸೋಂಕು 2003ರಲ್ಲಿ ಶೇ. 33 ಇದ್ದದ್ದು 2010ಕ್ಕೆ ಶೇ. 2ಕ್ಕೆ ಇಳಿಯಿತು, 2012ಕ್ಕೆ ಮತ್ತೆ ಶೇ. 6ಕ್ಕೆ ಏರಿತು. ಪ್ರತಿಕಾಯಗಳ ಮಟ್ಟವೂ ಅದರ ಹಿಂದೆಯೇ ಇಳಿದು ಏರಿತು. ಆದರೆ ರೋಗ ಕಡಿಮೆಯಾದ ವರ್ಷಗಳಲ್ಲಿ ಸೋಂಕು ತಗಲಿದ ತಾಯಂದಿರ ರಕ್ತದಲ್ಲಿ ಪರಾವಲಂಬಿಗಳ ಸಂಖ್ಯೆ ಮೊದಲಿಗಿಂತ ಬಹಳ ಹೆಚ್ಚಿತ್ತು, ಹಿಮೋಗ್ಲೋಬಿನ್ ಮತ್ತು ಮಗುವಿನ ತೂಕದ ಮೇಲಿನ ಪೆಟ್ಟೂ ಜೋರಾಗಿತ್ತು. ಅಲ್ಲಿಯೇ ಬದುಕುವ ತಾಯಂದಿರ ಪಾಡೇ ಹೀಗಿರುವಾಗ ಹೊರಗಿನಿಂದ ಬಂದವರ ವಿಷಯದಲ್ಲಿ ಎಷ್ಟು ಎಚ್ಚರವಿದ್ದರೂ ಅತಿಯಲ್ಲ ಎಂಬುದು ನನ್ನ ಅಭಿಪ್ರಾಯ.

ಇನ್ನು ಪ್ರತಿಕಾಯಗಳನ್ನು ಅಳೆಸುವ ಯೋಚನೆಯನ್ನು ಬಿಟ್ಟುಬಿಡಿ ಎಂದೇ ಹೇಳುತ್ತೇನೆ. ವಾರ್‌2ಸಿಎಸ್‌ಎ ಪ್ರತಿಕಾಯಗಳ ಪರೀಕ್ಷೆ ಸಂಶೋಧನಾಲಯದ ಕೆಲಸ, ಸಾಮಾನ್ಯ ಲ್ಯಾಬಿನಲ್ಲಿ ಸಿಗುವಂಥದ್ದಲ್ಲ. ಸಿಕ್ಕರೂ ಅದರ ಅಂಕಿಯನ್ನು ಓದುವುದು ಕಷ್ಟ, ಏಕೆಂದರೆ ಪ್ರತಿಕಾಯ ಹೆಚ್ಚಿರುವುದು ರಕ್ಷಣೆಯ ಗುರುತಾಗಿರುವಂತೆಯೇ ಈಗ ಮಾಸಿನಲ್ಲಿ ಸೋಂಕು ಇದೆ ಎಂಬುದರ ಗುರುತೂ ಆಗಿರಬಹುದು. ಪ್ರತಿಕಾಯಗಳ ಪ್ರಮಾಣಕ್ಕೂ ತಾಯಿ-ಮಗುವಿನ ಕ್ಷೇಮಕ್ಕೂ ನೇರ ಸಂಬಂಧ ಹುಡುಕಿದ ಅಧ್ಯಯನಗಳು ಒಮ್ಮತಕ್ಕೆ ಬಾರದಿರುವುದಕ್ಕೆ ಇದು ಒಂದು ಮುಖ್ಯ ಕಾರಣ. ಕ್ಲಿನಿಕ್ಕಿನಲ್ಲಿ ಬೆರಳು ಚುಚ್ಚಿ ಮಾಡುವ ಕ್ಷಿಪ್ರ ಪರೀಕ್ಷೆಯನ್ನು ಇದರೊಡನೆ ಬೆರೆಸಿಕೊಳ್ಳಬೇಡಿ. ಅದು ಹುಡುಕುವುದು ಪರಾವಲಂಬಿಯದೇ ಪ್ರೋಟೀನನ್ನು, ಮೈಯ ಪ್ರತಿಕಾಯವನ್ನಲ್ಲ. ನಿಮಗೆ ಬೇಕಾದದ್ದು ಆ ಪರೀಕ್ಷೆ ಮತ್ತು ರಕ್ತಲೇಪನದ ಪರೀಕ್ಷೆ. ಆದರೆ ಪರಾವಲಂಬಿಗಳು ಮಾಸಿನಲ್ಲಿ ಅಡಗಿರುವಾಗ ಬೆರಳಿನ ರಕ್ತದಲ್ಲಿ ತೀರ ಕಡಿಮೆ ಇರಬಹುದಾದ್ದರಿಂದ, ಒಮ್ಮೆ ಇಲ್ಲ ಎಂದು ಬಂದರೂ ಜ್ವರ ಬಿಡದಿದ್ದರೆ ಮತ್ತೆ ಪರೀಕ್ಷಿಸಲು ಕೇಳಿ.

ಲಸಿಕೆಯ ಬಗ್ಗೆಯೂ ಒಂದು ಸಾಲು ಕೇಳಿದ್ದೀರಿ. ವಾರ್‌2ಸಿಎಸ್‌ಎಯ ಭಾಗವನ್ನೇ ಬಳಸಿದ ಪ್ಯಾಮ್‌ವ್ಯಾಕ್ ಮತ್ತು ಪ್ರಿಮ್‌ವ್ಯಾಕ್ ಎಂಬ ಎರಡು ಲಸಿಕೆಗಳ ಮೊದಲ ಹಂತದ ಪ್ರಯೋಗಗಳು ನಡೆದಿವೆ. ಪ್ರತಿಕಾಯಗಳು ಹುಟ್ಟಿದವು, ಆದರೆ ಲಸಿಕೆಯಲ್ಲಿದ್ದ ತಳಿಯನ್ನು ಬಿಟ್ಟು ಬೇರೆ ತಳಿಗಳ ಮೇಲೆ ಅವುಗಳ ಹಿಡಿತ ಕಡಿಮೆಯಿತ್ತು. ಈ ಬಸಿರಿಗೆ ಒದಗುವ ಲಸಿಕೆ ಇಲ್ಲವೆಂದೇ ತಿಳಿಯಿರಿ.

ವೈದ್ಯರೊಡನೆ ಮಾತನಾಡುವಾಗ ಕೆಲವನ್ನು ಮರೆಯದೆ ಹೇಳಿ. ಪತ್ನಿ ಬೆಳೆದದ್ದು ಮಲೇರಿಯಾ ವಿರಳವಾದ ಊರಿನಲ್ಲಿ ಎಂಬುದನ್ನು ಬಾಯಿಬಿಟ್ಟು ತಿಳಿಸಿ, ಇಲ್ಲವಾದರೆ ಎರಡನೆಯ ಬಸಿರೆಂದು ಅವರೂ ಹಗುರವಾಗಿ ಎಣಿಸಬಹುದು. ಅಲ್ಲಿ ಬಸುರಿಯರಿಗೆ ನಾಲ್ಕನೆಯ ತಿಂಗಳಿನಿಂದ, ಕನಿಷ್ಠ ಒಂದು ತಿಂಗಳ ಅಂತರದಲ್ಲಿ, ಮೂರು ಅಥವಾ ಹೆಚ್ಚು ಸಲ, ಮಲೇರಿಯಾ ತಡೆಯಲು ಸಲ್ಫಾಡಾಕ್ಸಿನ್-ಪೈರಿಮೆಥಮಿನ್ ಮಾತ್ರೆ ಕೊಡುವ ಕ್ರಮವಿದೆ. ಪೂರ್ವ ಆಫ್ರಿಕದಲ್ಲಿ ಪರಾವಲಂಬಿಯು ಈ ಔಷಧಕ್ಕೆ ಬಹಳಮಟ್ಟಿಗೆ ಒಗ್ಗಿಹೋಗಿರುವುದರಿಂದ, ಸ್ವಂತ ಪ್ರತಿಕಾಯಗಳ ಬೆಂಬಲವಿಲ್ಲದವರಿಗೆ ಅದೊಂದೇ ಸಾಕೇ ಅಥವಾ ಮೆಫ್ಲೊಕ್ವಿನ್‌ನಂಥ ಬೇರೆ ಔಷಧ ಬೇಕೇ ಎಂದು ಕೇಳಿ, ಅವರು ಹೇಳಿದಂತೆ ನಡೆಯಿರಿ. ಜ್ವರ ಬಂದರೆ ಅದೇ ದಿನ ಪರೀಕ್ಷೆಯಾಗಲಿ. ಮಾತ್ರೆಯಿಂದ ಮಗುವಿಗೆ ತೊಂದರೆಯೆಂದು ಹೆದರಿ ಚಿಕಿತ್ಸೆ ತಡಮಾಡುವುದೇ ದೊಡ್ಡ ಅಪಾಯ. ನಾಲ್ಕನೆಯ ತಿಂಗಳಿನ ನಂತರ ಆರ್ಟಿಮಿಸಿನಿನ್ ಸಂಯುಕ್ತ ಚಿಕಿತ್ಸೆಯನ್ನು ಬಸುರಿಯರಿಗೆ ಧೈರ್ಯವಾಗಿ ಕೊಡುತ್ತಾರೆ. ಮಲೇರಿಯಾದ ಇನ್ನೊಂದು ಔಷಧವಾದ ಪ್ರಿಮಾಕ್ವಿನ್ ಮಾತ್ರ ಬಸಿರಿನಲ್ಲಿ ಸಲ್ಲದು.

ಕೊನೆಯದಾಗಿ, ಊರಿನಿಂದ ಬರುವಾಗ ಫೋಲಿಕ್ ಆಮ್ಲದ ಮಾತ್ರೆ ತಂದಿದ್ದರೆ ಅದರ ಪಟ್ಟಿಯನ್ನು ಇಂದೇ ತೆಗೆದು ನೋಡಿ. ನಮ್ಮ ಔಷಧಿ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವುದು 5 ಮಿಲಿಗ್ರಾಮಿನದು. ಅಷ್ಟು ಫೋಲಿಕ್ ಆಮ್ಲ ಮೈಯಲ್ಲಿದ್ದರೆ ಸಲ್ಫಾಡಾಕ್ಸಿನ್-ಪೈರಿಮೆಥಮಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ, ಅದರೊಡನೆ ಹೊಂದುವ ಪ್ರಮಾಣ 0.4 ಮಿಲಿಗ್ರಾಂ. ತಾವಾಗಿಯೇ ಮಾತ್ರೆ ನಿಲ್ಲಿಸದೆ, ಆ ಪಟ್ಟಿಯನ್ನು ಮುಂದಿನ ತಪಾಸಣೆಗೆ ಕೊಂಡೊಯ್ದು ವೈದ್ಯರಿಗೆ ತೋರಿಸಿ ಬದಲಾಯಿಸಿಕೊಳ್ಳಿ.