ಬೆಂಕಿಕಡ್ಡಿಗೂ ತಳಿ ಬಂದಾಗ

ಕಂಪ್ಯೂಟರ್ ಕಟ್ಟಿ: ಓದುಗರ ಪ್ರಶ್ನೆ, ಹುಬ್ಬಳ್ಳಿ ಉತ್ತರ

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ನಮ್ಮ ಭಾಗದ ಅಡುಗೆಗಳನ್ನು ಬರೆದಿಡುತ್ತಿದ್ದೇನೆ. ಒಂದೊಂದು ಅಡುಗೆಗೆ ಒಂದೊಂದು ಫೈಲ್, ಈಗ 46 ಆಗಿವೆ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಎಂಬ ಎಡಿಟರಿನಲ್ಲಿ (ಬರಹ ತಿದ್ದುವ ತಂತ್ರಾಂಶ), ಯೂನಿಕೋಡ್ ಕನ್ನಡದಲ್ಲೇ ಬರೆಯುತ್ತೇನೆ. ಬ್ಯಾಡಗಿ ಮೆಣಸಿನಕಾಯಿಯಲ್ಲಿ ಡಬ್ಬಿ, ಕಡ್ಡಿ ಎಂದು ಎರಡು ಬಗೆ ಇವೆಯಲ್ಲ, ಬರೀ ‘ಕಡ್ಡಿ’ ಎಂದರೆ ಹೊರಗಿನವರಿಗೆ ತಿಳಿಯಲಿಕ್ಕಿಲ್ಲವೆಂದು ಎಲ್ಲ ಫೈಲುಗಳಲ್ಲೂ ಒಮ್ಮೆಗೇ ‘ಕಡ್ಡಿ ತಳಿ’ ಎಂದು ಬದಲಿಸಿದೆ. ಈಗ ನೋಡಿದರೆ ‘ಬೆಂಕಿಕಡ್ಡಿ ತಳಿ ಗೀರಿ’, ‘ಕೊತ್ತಂಬರಿ ಕಡ್ಡಿ ತಳಿಯನ್ನು ಸಣ್ಣಗೆ ಹೆಚ್ಚಿ’ ಎಂದಾಗಿದೆ. ಒಂದು ಕಡೆ ನಮ್ಮ ಅತ್ತೆಯವರು ‘ಕಡ್ಡಿ ತಳಿ ಮುರಿದ ಹಾಗೆ’ ಮಾತಾಡಿದ್ದಾರೆ! ಅನ್‌ಡೂ ಕೆಲಸ ಮಾಡಲಿಲ್ಲ. ಇದಲ್ಲದೆ ಬ್ಯಾಡಗಿಯನ್ನೂ ಎರಡು ಮೂರು ರೀತಿ ಬರೆದುಬಿಟ್ಟಿದ್ದೇನೆ. ಬೇಕಾದ ಸಾಲುಗಳನ್ನಷ್ಟೇ ಒಂದೆಡೆ ತಂದು, ಕಣ್ಣಾರೆ ನೋಡಿ ತಿದ್ದಿದರೆ, ತಿದ್ದಿದ್ದು ಆಯಾ ಫೈಲಿಗೆ ತಾನೇ ಹೋಗುವಂತೆ ಮಾಡಲು ಬರುತ್ತದೆಯೇ?
– ಓದುಗರೊಬ್ಬರು, ಹಾವೇರಿ

ಉತ್ತರ: ಬರತೈತಿ ಅಕ್ಕೋರೆ. ಆದರ ಮೊದಲ ಆ ತಳಿ ತೆಗೆಯೋಣ.

ನಿಮ್ಮ ದೈವ ಚಲೋ ಐತಿ. ಒಂದೂ ಬಿಡದ ಎಲ್ಲಾ ಕಡ್ಡಿಗೂ ‘ತಳಿ’ ಬಾಲ ಅಂಟೈತಲ್ಲ, ಅದಕ್ಕ ‘ಕಡ್ಡಿ ತಳಿ’ ಹುಡುಕಿ ‘ಕಡ್ಡಿ’ ಅಂತ ತಿರುಗಿ ಬದಲಿಸಿದ್ರ ಎಲ್ಲಾ ಮೊದಲಿನಂಗ ಆಗತೈತಿ. ಮುಂಚೆನೇ ನೀವು ‘ಕಡ್ಡಿ ತಳಿ’ ಅಂತ ಬರೆದಿದ್ದಲ್ಲಿ ಈಗ ‘ಕಡ್ಡಿ ತಳಿ ತಳಿ’ ಆಗಿರತೈತಿ, ಅದೂ ಸರಿಹೋಗತೈತಿ. ಇದನ್ನ ಮಾಡೋ ಮುಂದ ಫೋಲ್ಡರಿನ ಒಂದು ನಕಲು ಪೆನ್‌ಡ್ರೈವಿಗೆ ಹಾಕಿಟ್ಟುಕೊಳ್ರಿ. ತೆರೆದಿಲ್ಲದ ಫೈಲುಗಳನ್ನ ಒಮ್ಮೆಗೇ ಬದಲಿಸಿದಾಗ ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ನೇರ ಡಿಸ್ಕಿಗೇ ಬರೀತೈತಿ, ಅನ್‌ಡೂಕ್ಕ ಅಲ್ಲಿ ಏನೂ ಉಳಿದಿರೂದಿಲ್ಲ.

ಬ್ಯಾಡಗಿ ಮಾತು ಬ್ಯಾರೆ. ಮೂರು ನಮೂನಿ ಬರೆದದ್ದನ್ನ ಒಂದು ಮಾಡಿದ ಮ್ಯಾಲ ಯಾವುದು ಮೊದಲು ಹೆಂಗಿತ್ತು ಅನ್ನೋದು ಯಾರಿಗೂ ಗೊತ್ತಾಗಂಗಿಲ್ಲ. ಅಲ್ಲಿ ನೋಡಿನೇ ತಿದ್ದಬೇಕು.

ನಿಮ್ಮ ಕೈಯಾಗಿನ ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಅರ್ಧ ದಾರಿ ಕರಕೊಂಡು ಹೋಗತೈತಿ. ಕಂಟ್ರೋಲ್, ಶಿಫ್ಟ್, ಎಫ್ ಒತ್ತಿ ಫೋಲ್ಡರ್ ತೋರಿಸಿದ್ರ ಸಿಕ್ಕ ಸಾಲೆಲ್ಲಾ ಕೆಳಗ ಪಟ್ಟಿಯಾಗಿ ಬರತಾವ. ಆ ಪಟ್ಟಿ ಓದಾಕ ಮಾತ್ರ. ಸಾಲಿನ ಮ್ಯಾಲ ಡಬಲ್ ಕ್ಲಿಕ್ ಮಾಡಿ ಆ ಫೈಲಿಗೆ ಹೋಗಿ ತಿದ್ದಬೇಕು. ಹತ್ತು ಸಾಲಿದ್ರ ಅಷ್ಟೇ ಸಾಕು. ವಿಎಸ್ ಕೋಡ್ ಅನ್ನೋ ಇನ್ನೊಂದು ತಂತ್ರಾಂಶದಾಗ ಸರ್ಚ್ ಎಡಿಟರ್ ಅಂತ ಒಂದೈತಿ, ನೋಡಾಕ ನೀವು ಕೇಳಿದಂಗೇ ಇರತೈತಿ. ಆದರ ಅದರಾಗ ತಿದ್ದಿದ್ದು ಮೂಲ ಫೈಲಿಗೆ ತಾನಾಗಿ ಹೋಗೂದಿಲ್ಲ.

ನಾನು ಬಳಸೋದು ಈಮ್ಯಾಕ್ಸ್ ಅನ್ನೋ ಎಡಿಟರ್. 1985ರ ಹಳೇ ಮುದುಕ, ಪುಕ್ಕಟೆ ಸಿಗತೈತಿ, ವಿಂಡೋಸಿಗೂ ಐತಿ. 2020ರಾಗ ಬಂದ 27ನೇ ಆವೃತ್ತಿಯಿಂದ ಅಕ್ಷರ ಜೋಡಿಸೋ ಹಾರ್ಫ್‌ಬಜ್ ಸೇರಿದ ಮ್ಯಾಲ ಒತ್ತಕ್ಷರನೂ ಚಂದ ಕೂಡತಾವ. ಮಾಡೋದು ಹಿಂಗ: ಕಂಟ್ರೋಲ್-ಎಕ್ಸ್, ಕಂಟ್ರೋಲ್-ಎಫ್ ಒತ್ತಿ, ಫೋಲ್ಡರಿನ ಹೆಸರಿನ ಮುಂದ ನಕ್ಷತ್ರ ಚಿಹ್ನೆ, ಚುಕ್ಕಿ, ಟಿಎಕ್ಸ್‌ಟಿ ಅಂತ ಕೊಟ್ಟ್ರ 46 ಫೈಲೂ ಒಮ್ಮೆಗೇ ತೆರಕೊಂತಾವ. ಆಮ್ಯಾಲ ಆಲ್ಟ್-ಎಕ್ಸ್ ಒತ್ತಿ ‘ಮಲ್ಟಿ-ಆಕರ್-ಇನ್-ಮ್ಯಾಚಿಂಗ್-ಬಫರ್ಸ್’ ಅಂತ ಇಂಗ್ಲಿಷಿನಾಗ ಹೊಡೀರಿ. ಆಕರ್‌ಗೆ ಎರಡು ಸಿ. ಅರ್ಧ ಹೊಡೆದು ಟ್ಯಾಬ್ ಒತ್ತಿದ್ರ ಉಳಿದದ್ದನ್ನ ಅದೇ ತುಂಬತೈತಿ. ಯಾವ ಫೈಲು ಅಂತ ಕೇಳಿದ್ರ ಟಿಎಕ್ಸ್‌ಟಿ ಅನ್ರಿ, ಯಾವ ಪದ ಅಂದ್ರ ‘ಕಡ್ಡಿ’ ಅನ್ರಿ. ಬೆಂಕಿಕಡ್ಡಿ, ಕೊತ್ತಂಬರಿ ಕಡ್ಡಿ, ಮೆಣಸಿನಕಾಯಿ ಕಡ್ಡಿ ಎಲ್ಲಾ ಫೈಲುವಾರು ಒಂದೇ ಪುಟದಾಗ ಬಂದು ಕೂಡತಾವ.

ಆ ಪುಟದಾಗ ಇಂಗ್ಲಿಷಿನ ‘ಇ’ ಒಂದು ಸಲ ಒತ್ರಿ. ಕೀಬೋರ್ಡ್ ಕನ್ನಡದಾಗ ಇದ್ರ ಏನೂ ಆಗೂದಿಲ್ಲ, ನಾನೇ ಎಷ್ಟೋ ಸಲ ಕೆಟ್ಟೈತಿ ಅಂತ ಬೈಕೊಂಡೀನಿ. ಈಗ ಅದು ತಿದ್ದೋ ಪುಟ ಆತು. ಮೆಣಸಿನಕಾಯಿ ಇದ್ದಲ್ಲಿ ‘ತಳಿ’ ಸೇರಿಸ್ರಿ, ಬೆಂಕಿಕಡ್ಡಿ ಮುಟ್ಟಬ್ಯಾಡ್ರಿ, ಅತ್ತೆಯವರ ತಂಟೆಗಂತೂ ಹೋಗಬ್ಯಾಡ್ರಿ. ಇಲ್ಲಿ ತಿದ್ದಿದಂಗೆಲ್ಲಾ ಆಯಾ ಫೈಲಿನಾಗೂ ತಿದ್ದಿರತೈತಿ. ಮುಗಿದ ಮ್ಯಾಲ ಕಂಟ್ರೋಲ್-ಸಿ ಎರಡು ಸಲ. ಇನ್ನೂ ಡಿಸ್ಕಿಗೆ ಹೋಗಿಲ್ಲ ಅನ್ನೋದು ನೆನಪಿರಲಿ: ಕಂಟ್ರೋಲ್-ಎಕ್ಸ್, ಬರೀ ಎಸ್, ಆಮ್ಯಾಲ ಆಶ್ಚರ್ಯಸೂಚಕ ಚಿಹ್ನೆ ಒತ್ತಿದ್ರನೇ ಎಲ್ಲಾ ಫೈಲು ಸೇವ್ ಆಗೋದು. ಮನಸ್ಸಿಗೆ ಬರಲಿಲ್ಲಂದ್ರ ಸೇವ್ ಮಾಡದ ಮುಚ್ಚಿಬಿಡ್ರಿ.

ಇಷ್ಟು ಕೀಲಿ ನೆನಪಿಡೋದು ತ್ರಾಸು ಅನಿಸಿದ್ರ ಜೆಡ್ ಅನ್ನೋ ಹೊಸ ಎಡಿಟರ್ ಐತಿ. ಹಿಂದ ಆಟಮ್ ಅನ್ನೋ ಎಡಿಟರ್ ಮಾಡಿದ ಮಂದೀನೇ ಮಾಡಿದ್ದು, ವಿಂಡೋಸಿಗೆ 2025ರ ಅಕ್ಟೋಬರಿನಾಗ ಬಂತು. ಅದರಾಗ ಹುಡುಕಿದ ಕೂಡಲೇ ಎಲ್ಲಾ ಫೈಲಿನ ತುಣುಕು ಒಂದೇ ಉದ್ದನ್ನ ಹಾಳಿಯಂಗ ಬರತಾವ, ಪ್ರತಿ ತುಣುಕಿನ ತಲಿ ಮ್ಯಾಲ ಫೈಲಿನ ಹೆಸರು. ಇದಕ್ಕ ಮಲ್ಟಿಬಫರ್ ಅಂತಾರ. ಅಲ್ಲೇ ತಿದ್ದಿ ಕಂಟ್ರೋಲ್-ಎಸ್ ಒತ್ತಿದ್ರ ಎಲ್ಲಾ ಸೇವ್. ನಿಮ್ಮ ಯಂತ್ರದಾಗ ಒತ್ತಕ್ಷರ ಸರಿ ಕಾಣತಾವೋ ಇಲ್ಲೋ ಒಂದು ಫೈಲು ತೆರೆದು ಮೊದಲ ನೋಡ್ಕೊಳ್ರಿ.

ಇನ್ನ ಬ್ಯಾಡಗಿ. ‘ಬ್ಯಾಡಗಿ’, ‘ಬ್ಯಾಡ್ಗಿ’ ನಮ್ಮ ಕಣ್ಣಿಗೆ ಒಂದೇ ಊರು. ಕಂಪ್ಯೂಟರಿಗೆ ‘ಡ್’ನಾಗಿನ ಹಲಂತ (ಸ್ವರ ತೆಗೆಯೋ ಗುರುತು) ಅನ್ನೋದು ಒಂದು ಬ್ಯಾರೆ ಅಕ್ಷರ, ಕೆಲವು ಸಲ ಅದರ ಬೆನ್ನಿಗೆ ಕಣ್ಣಿಗೆ ಕಾಣದ ಇನ್ನೊಂದು ಅಕ್ಷರನೂ ಇರತೈತಿ. ಅದಕ್ಕ ‘ಬ್ಯಾಡ.?.?ಗಿ’ ಅಂತ ಹುಡುಕ್ರಿ. ಚುಕ್ಕಿ ಅಂದ್ರ ಯಾವುದರೆ ಒಂದು ಅಕ್ಷರ, ಪ್ರಶ್ನೆ ಚಿಹ್ನೆ ಅಂದ್ರ ಇದ್ರೂ ಇರಲಿ, ಇಲ್ಲಂದ್ರೂ ನಡೀತೈತಿ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್ಸಿನಾಗ ಇದಕ್ಕ ‘ರೆಗ್ಯುಲರ್ ಎಕ್ಸ್‌ಪ್ರೆಷನ್’ ಗುಂಡಿ ಆರಿಸಬೇಕು. ಮೂರೂ ನಮೂನಿ ಬಲೆಗೆ ಬೀಳತಾವ. ನೀವು ಎಲ್ಲಿಯಾದರೂ ‘ಉಪ್ಪು ಬ್ಯಾಡ, ಗಿಣ್ಣಕ್ಕ ಬೆಲ್ಲ ಸಾಕು’ ಅಂತ ಬರೆದಿದ್ರ ಅದೂ ಬೀಳತೈತಿ. ಕಣ್ಣಿನ ಮುಂದ ಸಾಲು ಇದ್ರ ನಕ್ಕು ಬಿಡತೀರಿ, ಒಮ್ಮೆಗೇ ಬದಲಿಸಿದ್ರ ‘ಉಪ್ಪು ಬ್ಯಾಡಗಿಣ್ಣಕ್ಕ’ ಅಂತ ಅಚ್ಚಿಗೆ ಹೋಗತೈತಿ.

ನನಗೂ ಆಗೈತಿ ಇದು. 2014ರ ನವೆಂಬರ್ 1ಕ್ಕ 12 ಊರಿನ ಇಂಗ್ಲಿಷ್ ಹೆಸರು ಬದಲಾದವಲ್ಲ, ಆಗ ಒಂದು ಸ್ಮರಣ ಸಂಚಿಕೆಯ ಇಂಗ್ಲಿಷ್ ಫೈಲುಗಳು ನನ್ನ ಹತ್ರ ಇದ್ದವು. ‘ಹುಬ್ಲಿ’ ಕಂಡಲ್ಲೆಲ್ಲಾ ಒಂದೇ ಏಟಿಗೆ ‘ಹುಬ್ಬಳ್ಳಿ’ ಮಾಡಿದೆ. ಊರಿನ ಹೆಸರಿನ ಜೋಡಿ ಮಂದಿಯ ಇ-ಮೇಲ್ ವಿಳಾಸನೂ ಹುಬ್ಬಳ್ಳಿ ಆದವು. ಪ್ರೂಫ್ ನೋಡಿದವರು ನನ್ನ ಕರೆದು ಚಹಾ ಕುಡಿಸಿ, ಆಮ್ಯಾಲ ಬೈದ್ರು.

ಪ್ರಶ್ನೆ: ಪ್ರೆಸ್ಸಿನಲ್ಲಿ ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಟೈಪ್ ಮಾಡಿದ ರಾಶಿ ಫೈಲುಗಳಿವೆ. ಕನ್ನಡದಲ್ಲಿ ಏನು ಹುಡುಕಿದರೂ ಒಂದೂ ಸಿಗುವುದಿಲ್ಲ.
– ಡಿಟಿಪಿ ಆಪರೇಟರ್, ಬೆಟಗೇರಿ

ಉತ್ತರ: ಮುದ್ರಣ ಕಾಶಿ ಗದಗದವರೇ ಕೇಳಿದ್ರಲ್ಲ! ಆ ಫೈಲಿನಾಗ ಕನ್ನಡನೇ ಇಲ್ಲ ಸರ. ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕ ಕನ್ನಡದ ಆಕಾರ ತೊಡಿಸಿರತಾರ, ಅಷ್ಟೇ. ನುಡಿಯ ಜೋಡಿನೇ ಬರೋ ಪರಿವರ್ತಕದಿಂದ ಯೂನಿಕೋಡಿಗೆ ತಿರುವಿ, ಆಮ್ಯಾಲ ಹುಡುಕ್ರಿ. ತಿರುವಿದ ಮ್ಯಾಲ ‘ಧರ್ಮ’, ‘ಸೂರ್ಯ’ದಂಥ ಪದ ನಾಕಾರು ನೋಡ್ರಿ. ಹಳೇ ಅಕ್ಷರದಾಗ ಅರ್ಕಾವತ್ತು ‘ಮ’ ಆದ ಮ್ಯಾಲ ಬರತಿತ್ತು, ಯೂನಿಕೋಡಿನಾಗ ‘ರ’ ಮೊದಲ ಬರಬೇಕು.